ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ) ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಮುಂತಾದವು, 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ನಮ್ಮ ಭಾಗದ ಕಂಪ್ಯೂಟರ್ ಅಂಗಡಿಗಳಲ್ಲಿ, ಶಾಲೆಗಳ ಸಿಬ್ಬಂದಿ ಕೊಠಡಿಗಳಲ್ಲಿ, ಸಹಕಾರ ಸಂಘಗಳ ಕಚೇರಿಗಳಲ್ಲಿ ಒಂದೇ ಮಾತು ಕೇಳಿಬರುತ್ತಿದೆ: ಹಳೆಯ ಕಂಪ್ಯೂಟರ್‌ಗಳ ಕಾಲ ಮುಗಿಯಿತು, ಇನ್ನು ಹೊಸದನ್ನು ಕೊಳ್ಳುವುದೊಂದೇ ದಾರಿ. ಈ ಮಾತು ಕೆಲವು ಯಂತ್ರಗಳ ಮಟ್ಟಿಗೆ ನಿಜವಿರಬಹುದು. ಆದರೆ ಪರೀಕ್ಷಿಸದೆಯೇ ಎಲ್ಲ ಯಂತ್ರಗಳಿಗೂ ಅದನ್ನು ಅನ್ವಯಿಸುವುದರಿಂದ ಸಾರ್ವಜನಿಕ ಹಣ ಪೋಲಾಗುತ್ತದೆ, ಇನ್ನೂ ಹಲವು ವರ್ಷ ದುಡಿಯಬಲ್ಲ ಯಂತ್ರಗಳು ಗುಜರಿ ಸೇರುತ್ತವೆ. ನಿವೃತ್ತಿಯ ನಂತರ ಸುತ್ತಲಿನ ಕೆಲವು ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳ ನಿಗಾ ನೋಡಿಕೊಳ್ಳುತ್ತಿರುವ ನಾನು ಈ ಕುರಿತು ಸ್ವಲ್ಪ ವಿವರವಾಗಿಯೇ ಬರೆಯಲು ತಮ್ಮ ಅನುಮತಿ ಕೋರುತ್ತೇನೆ.

ಆಪರೇಟಿಂಗ್ ಸಿಸ್ಟಂ ಬದಲಿಸುವುದೆಂದರೆ ನಮ್ಮಲ್ಲಿ ಈಗಲೂ ‘ಫಾರ್ಮ್ಯಾಟ್ ಹೊಡೆಸುವುದು’ ಎಂದೇ ಅರ್ಥ. ವಿಂಡೋಸ್ 98, ಎಕ್ಸ್‌ಪಿಗಳ ಕಾಲದಲ್ಲಿ ಇದು ಸಹಜವಾಗಿತ್ತು. ಯಂತ್ರ ನಿಧಾನವಾದರೆ ಸಿ ಡ್ರೈವ್ ಅಳಿಸಿ, ಸಿಡಿಯಿಂದ ಎಲ್ಲವನ್ನೂ ಹೊಸದಾಗಿ ತುಂಬಿ, ಪ್ರಿಂಟರ್‌ನಿಂದ ಹಿಡಿದು ಸೌಂಡ್ ಕಾರ್ಡ್‌ವರೆಗೆ ಒಂದೊಂದಕ್ಕೂ ಡ್ರೈವರ್ ಹುಡುಕಿ ಹಾಕಬೇಕಿತ್ತು. ಆಗ ಕಳೆದುಹೋದ ಮದುವೆ ಫೋಟೋಗಳು, ಅಂಕಪಟ್ಟಿಗಳು, ಲೆಕ್ಕಪತ್ರಗಳ ನೆನಪು ಜನರಲ್ಲಿ ಇನ್ನೂ ಹಸಿಯಾಗಿದೆ. ವಿಂಡೋಸ್ 10ರಿಂದ ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಏರುವ ಇಂದಿನ ಅಪ್‌ಗ್ರೇಡ್ ಆ ರೀತಿಯದಲ್ಲ. ಮನೆಯವರೆಲ್ಲ ಒಳಗೆ ಇರುವಾಗಲೇ ಸೂರಿನ ಹೆಂಚು ಬದಲಿಸುವಂತೆ, ಕಡತಗಳು, ಅಳವಡಿಸಿದ ತಂತ್ರಾಂಶಗಳು, ಬಳಕೆದಾರರ ಖಾತೆಗಳು ಇದ್ದಲ್ಲೇ ಇರುತ್ತವೆ. ಅವುಗಳ ಮೇಲಿನ ವ್ಯವಸ್ಥೆ ಮಾತ್ರ ಹೊಸದಾಗುತ್ತದೆ. ಹಳೆಯ ವ್ಯವಸ್ಥೆಯನ್ನು ವಿಂಡೋಸ್ ಪ್ರತ್ಯೇಕ ಫೋಲ್ಡರ್‌ನಲ್ಲಿ ಹತ್ತು ದಿನ ಕಾದಿರಿಸುತ್ತದೆ. ಹೊಸದು ಹಿಡಿಸದಿದ್ದರೆ ಅಥವಾ ಯಾವುದಾದರೂ ತಂತ್ರಾಂಶ ಕೆಲಸ ಮಾಡದಿದ್ದರೆ ಆ ಅವಧಿಯೊಳಗೆ ಸೆಟ್ಟಿಂಗ್ಸ್‌ನಿಂದಲೇ ಹಿಂದಿನದಕ್ಕೆ ಮರಳಬಹುದು. ಪರವಾನಗಿ ಇರುವ ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಹೋಗಲು ಹಣ ಕೊಡಬೇಕಾಗಿಲ್ಲ. ಪ್ರತಿ ಯಂತ್ರದಲ್ಲೂ ಬೇರೆಬೇರೆಯಾಗಿ ಡೌನ್‌ಲೋಡ್ ಮಾಡುವ ಅಗತ್ಯವೂ ಇಲ್ಲ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಎಂಟು ಜಿಬಿಯ ಪೆನ್‌ಡ್ರೈವ್ ಒಂದನ್ನು ಸಿದ್ಧಪಡಿಸಿಕೊಂಡರೆ ಅದೇ ಪೆನ್‌ಡ್ರೈವ್‌ನಿಂದ ಇಡೀ ಕೊಠಡಿಯ ಕಂಪ್ಯೂಟರ್‌ಗಳ ಕೆಲಸ ಮುಗಿಸಬಹುದು. ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾದಲ್ಲಿ ಕಚೇರಿ ನಡೆಸುವ ಊರುಗಳಿಗೆ ಇದು ಸಣ್ಣ ಅನುಕೂಲವೇನಲ್ಲ.

ತೊಡಕು ಬರುವುದು ಯಂತ್ರದ ಅರ್ಹತೆಯಲ್ಲಿ. 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹಿಂದೆಂದೂ ಇಲ್ಲದ ಬಿಗಿ ಷರತ್ತುಗಳನ್ನು ಹಾಕಿತು. ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ ಇವು ದೊಡ್ಡ ಮಾತಲ್ಲ. ಆದರೆ ಯಂತ್ರವನ್ನು ಆರಂಭಿಸುವ ಯುಇಎಫ್‌ಐ ವ್ಯವಸ್ಥೆಯಲ್ಲಿ, ನಂಬಲರ್ಹ ತಂತ್ರಾಂಶವನ್ನು ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಸೌಲಭ್ಯವಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಘಟಕವಿರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಕೆಲವೇ ಅಪವಾದಗಳನ್ನು ಬಿಟ್ಟು ಎಂಟನೆಯ ತಲೆಮಾರಿನದು ಅಥವಾ ಆನಂತರದ್ದಾಗಿರಬೇಕು, ಎಎಂಡಿಯದಾದರೆ ಬಹುತೇಕ ರೈಜೆನ್ 2000 ಸರಣಿ ಅಥವಾ ಅದಕ್ಕಿಂತ ಹೊಸದಾಗಿರಬೇಕು. ಇಂಟೆಲ್‌ನ ಎಂಟನೆಯ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಹಾಗಾಗಿ 2018ರ ನಂತರ ಕೊಂಡ ಹೆಚ್ಚಿನ ಕಂಪ್ಯೂಟರ್‌ಗಳು ಅರ್ಹವಾಗಿರುವ ಸಾಧ್ಯತೆಯೇ ಹೆಚ್ಚು. ಪ್ರೊಸೆಸರ್‌ನ ಹೆಸರನ್ನು ಓದಿದರೇ ತಲೆಮಾರು ತಿಳಿಯುತ್ತದೆ: ಐ5-8400 ಎಂದಿದ್ದರೆ ಅಡ್ಡಗೆರೆಯ ನಂತರದ 8 ಎಂಟನೆಯ ತಲೆಮಾರನ್ನು ಸೂಚಿಸುತ್ತದೆ, ಐ5-7400 ಎಂದಿದ್ದರೆ ಅದು ಏಳನೆಯದು.

ಟಿಪಿಎಂ ವಿಷಯದಲ್ಲಿ ಜನರು ಅತಿ ಹೆಚ್ಚು ಮೋಸಹೋಗುತ್ತಿದ್ದಾರೆ, ಆದ್ದರಿಂದ ಅದನ್ನು ಬಿಡಿಸಿ ಹೇಳುವುದು ಅವಶ್ಯ. ಟಿಪಿಎಂ ಎಂದರೆ ಗೂಢಲಿಪೀಕರಣದ (ಮಾಹಿತಿಯನ್ನು ಇತರರು ಓದಲಾಗದ ರೂಪಕ್ಕೆ ತಿರುಗಿಸುವುದರ) ಕೀಲಿಗಳನ್ನು ಹಾರ್ಡ್ ಡಿಸ್ಕ್‌ನಿಂದ ಪ್ರತ್ಯೇಕವಾಗಿ, ಸುರಕ್ಷಿತವಾಗಿ ಇಟ್ಟುಕೊಳ್ಳುವ ಘಟಕ. ಅದು ಮದರ್‌ಬೋರ್ಡ್‌ನ ಮೇಲೆ ಬೇರೆ ಚಿಪ್ ಆಗಿ ಇರಲೇಬೇಕೆಂದಿಲ್ಲ. ಈ ಅವಧಿಯ ಯಂತ್ರಗಳ ಫರ್ಮ್‌ವೇರ್‌ನಲ್ಲೇ (ಯಂತ್ರಭಾಗದೊಳಗೇ ಕೂಡಿಸಿಟ್ಟ ತಂತ್ರಾಂಶದಲ್ಲೇ) ಅದು ಅಡಕವಾಗಿರುತ್ತದೆ. ಇಂಟೆಲ್ ಅದನ್ನು ಪಿಟಿಟಿ ಎಂದೂ ಎಎಂಡಿ ಎಫ್‌ಟಿಪಿಎಂ ಎಂದೂ ಕರೆಯುತ್ತವೆ. ಬಿಡಿಭಾಗಗಳನ್ನು ಜೋಡಿಸಿ ಕೊಡುವ ಡೆಸ್ಕ್‌ಟಾಪ್‌ಗಳ ಅನೇಕ ಮದರ್‌ಬೋರ್ಡ್‌ಗಳಲ್ಲಿ, ವಿಂಡೋಸ್ 11 ಬರುವ ಮೊದಲಿನ ವರ್ಷಗಳಲ್ಲಿ, ಈ ಸೌಲಭ್ಯವನ್ನು ತಯಾರಿಕೆಯ ಹಂತದಲ್ಲೇ ಆಫ್ ಮಾಡಿ ಇಡಲಾಗಿತ್ತು. ಇಂಥ ಯಂತ್ರದಲ್ಲಿ ಪರೀಕ್ಷೆ ನಡೆಸಿದರೆ ‘ಈ ಕಂಪ್ಯೂಟರ್ ಅರ್ಹವಲ್ಲ’ ಎಂಬ ಸಂದೇಶ ಬರುತ್ತದೆ, ಆ ಸಂದೇಶವನ್ನು ತೋರಿಸಿ ಹೊಸ ಯಂತ್ರವನ್ನು ಮಾರಲಾಗುತ್ತದೆ. ನಿಜದಲ್ಲಿ ಮಾಡಬೇಕಾದುದು ಇಷ್ಟೇ: ಯಂತ್ರವನ್ನು ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿ (ಕೆಲವು ಕಂಪನಿಗಳದ್ದಕ್ಕೆ ಬೇರೆ ಕೀಲಿ ಇರುತ್ತದೆ) ಬಯಾಸ್ ಸೆಟ್ಟಿಂಗ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಗೆ, ಹೋಗಿ, ಭದ್ರತೆಗೆ ಸಂಬಂಧಿಸಿದ ಪುಟದಲ್ಲಿ ಪಿಟಿಟಿ ಅಥವಾ ಎಫ್‌ಟಿಪಿಎಂ ಎಂಬುದನ್ನು ಆನ್ ಮಾಡುವುದು. ನಮ್ಮ ಪಕ್ಕದ ಊರಿನ ಶಾಲೆಯೊಂದರಲ್ಲಿ ಅಂಗಡಿಯವರು ಬದಲಾಯಿಸಲೇಬೇಕೆಂದು ಬರೆದುಕೊಟ್ಟಿದ್ದ ಯಂತ್ರಗಳು ಈ ಒಂದು ಬದಲಾವಣೆಯ ನಂತರ ಯಾವ ತಕರಾರೂ ಇಲ್ಲದೆ ವಿಂಡೋಸ್ 11ಕ್ಕೆ ಏರಿದವು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ದಾನಿಗಳ ಬಳಿಗೆ ಹೋಗಿ ಚಂದಾ ಎತ್ತುವ ತಯಾರಿಯಲ್ಲಿದ್ದರು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇದೇ ಸೆಟ್ಟಿಂಗ್‌ಗಳನ್ನು ಮುಟ್ಟುವ ಮೊದಲು ಎರಡು ಎಚ್ಚರಿಕೆಗಳನ್ನು ವಹಿಸಬೇಕು. ಡಿಸ್ಕ್ ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಸೌಲಭ್ಯದಿಂದ ಗೂಢಲಿಪೀಕರಣಗೊಂಡಿದ್ದರೆ, ಬಯಾಸ್‌ನಲ್ಲಿ ಬದಲಾವಣೆ ಮಾಡಿದ ಕೂಡಲೇ ಯಂತ್ರ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಅದು ಸಿಗದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಕೈತಪ್ಪುತ್ತದೆ. ಆದ್ದರಿಂದ ಮೊದಲೇ ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಎರಡನೆಯದಾಗಿ, ಹಳೆಯ ‘ಲೆಗಸಿ’ ಕ್ರಮದಲ್ಲಿ ವಿಂಡೋಸ್ ಹಾಕಿರುವ ಯಂತ್ರಗಳಲ್ಲಿ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿನ್ಯಾಸದಲ್ಲಿರುತ್ತದೆ. ಅದನ್ನು ಜಿಪಿಟಿ ಎಂಬ ಹೊಸ ವಿನ್ಯಾಸಕ್ಕೆ ಬದಲಿಸದೆ ಯುಇಎಫ್‌ಐಗೆ ತಿರುಗಿಸಿದರೆ ಯಂತ್ರ ಬೂಟ್ ಆಗುವುದೇ ಇಲ್ಲ. ಕಡತಗಳನ್ನು ಅಳಿಸದೆ ಈ ಬದಲಾವಣೆ ಮಾಡುವ ಸಾಧನ 2017ರಿಂದಲೂ ವಿಂಡೋಸ್ 10ರೊಳಗೇ ಇದೆ, ಆದರೂ ‘ಫಾರ್ಮ್ಯಾಟ್ ಮಾಡದೆ ಆಗುವುದಿಲ್ಲ’ ಎಂಬ ಉತ್ತರವೇ ಅಂಗಡಿಗಳಲ್ಲಿ ಸಿಗುತ್ತದೆ. ಇನ್ನು 32 ಬಿಟ್ ವಿಂಡೋಸ್ ಹಾಕಿರುವ ಯಂತ್ರಗಳಿಗೆ ಮಾತ್ರ ಇದ್ದಲ್ಲೇ ಅಪ್‌ಗ್ರೇಡ್ ಆಗುವ ಭಾಗ್ಯವಿಲ್ಲ, ಏಕೆಂದರೆ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಷ್ಟೇ. ಅವುಗಳಲ್ಲಿ ಬ್ಯಾಕಪ್ ತೆಗೆದುಕೊಂಡು ಹೊಸದಾಗಿಯೇ ಹಾಕಬೇಕು.

ಷರತ್ತುಗಳನ್ನು ಬೈಪಾಸ್ ಮಾಡಿ ಅನರ್ಹ ಯಂತ್ರಗಳಲ್ಲೂ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಹೀಗೆ ಹಾಕಿದ ಯಂತ್ರಗಳಿಗೆ ಮುಂದಿನ ಅಪ್‌ಡೇಟ್‌ಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ತಿಳಿಸಿದೆ. ಸಾರ್ವಜನಿಕರ ದಾಖಲೆ ಇರುವ ಕಚೇರಿಗಳಲ್ಲಂತೂ ಈ ದಾರಿ ಹಿಡಿಯಬಾರದು. ಪರವಾನಗಿ ಇಲ್ಲದ ಪ್ರತಿಗಳನ್ನು ‘ಆ್ಯಕ್ಟಿವೇಟ್’ ಮಾಡಿಕೊಡುವ ತಂತ್ರಾಂಶಗಳ ಬಗೆಗೂ ಇದೇ ಮಾತು. ಅವುಗಳ ಜೊತೆಗೆ ಏನೇನು ಒಳಬರುತ್ತದೆಂಬುದು ಹಾಕಿಕೊಡುವವರಿಗೂ ತಿಳಿದಿರುವುದಿಲ್ಲ.

‘ಅಪ್‌ಡೇಟ್ ನಿಂತರೆ ಏನಾಯಿತು, ಕಂಪ್ಯೂಟರ್ ನಡೆಯುತ್ತಿದೆಯಲ್ಲ’ ಎನ್ನುವವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡುವಂತೆ ಮಾಡಿದಾಗ, ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ಪರಿಹಾರವನ್ನು ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ದಾಳಿಗೆ ಸಿಕ್ಕಿದವು. ಬೆಂಬಲ ನಿಂತ ವ್ಯವಸ್ಥೆಗೆ ಇಂಥ ಪರಿಹಾರ ಸಾಮಾನ್ಯವಾಗಿ ಬರುವುದಿಲ್ಲ. ಪಡಿತರ, ಪಹಣಿ, ವಿದ್ಯಾರ್ಥಿವೇತನಗಳ ಮಾಹಿತಿಯನ್ನು ನಿರ್ವಹಿಸುವ ಯಂತ್ರಗಳನ್ನು ಆ ಸ್ಥಿತಿಯಲ್ಲಿ ಬಿಡುವುದು ಬೇಜವಾಬ್ದಾರಿಯ ಕೆಲಸ. ಮೇಲಾಗಿ, ಹಳೆಯ ವ್ಯವಸ್ಥೆಯನ್ನು ಬ್ರೌಸರ್‌ಗಳೂ ಒಂದು ದಿನ ಕೈಬಿಡುತ್ತವೆ. ಗೂಗಲ್ ಕ್ರೋಮ್ 2023ರ ಆರಂಭದಲ್ಲೇ ವಿಂಡೋಸ್ 7ಕ್ಕೆ ಹೊಸ ಆವೃತ್ತಿಗಳನ್ನು ನಿಲ್ಲಿಸಿತು.

ಹಾಗೆಂದು ಗಾಬರಿಯಿಂದ ನಿರ್ಧಾರ ಕೈಗೊಳ್ಳಬೇಕಾಗಿಲ್ಲ. ಅರ್ಹತೆ ಇಲ್ಲದ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದವರಿಗೆ ಇದು ಉಚಿತ. ಬ್ಯಾಕಪ್ ಆನ್ ಮಾಡಲು ಇಷ್ಟವಿಲ್ಲದವರು 30 ಡಾಲರ್‌ಗೆ ಸಮನಾದ ಮೊತ್ತ ಕೊಡಬಹುದು. ಶಿಕ್ಷಣ ಸಂಸ್ಥೆಗಳಿಗೆ ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಬೇರೆಯೇ ಯೋಜನೆ ಇದೆ, ಅದರ ಮೊದಲ ವರ್ಷದ ಶುಲ್ಕ ಯಂತ್ರವೊಂದಕ್ಕೆ ಕೇವಲ ಒಂದು ಡಾಲರ್. ನಮ್ಮ ಶಾಲೆಗಳಲ್ಲಿ ಈ ವಿಷಯ ಗೊತ್ತಿರುವವರು ನನಗೆ ಸಿಕ್ಕಿಲ್ಲ.

ಕನ್ನಡ ಬಳಸುವವರಿಗೆ ಅಪ್‌ಗ್ರೇಡ್‌ನಲ್ಲಿ ಇನ್ನೊಂದು ಆತಂಕವಿದೆ, ಇಂಗ್ಲಿಷ್ ಮಾರ್ಗದರ್ಶಿಗಳು ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಲ್ಲಿ ಸಿದ್ಧವಾದ ಪ್ರಶ್ನೆಪತ್ರಿಕೆಗಳು, ಠರಾವುಗಳು, ಆಮಂತ್ರಣ ಪತ್ರಿಕೆಗಳು ಇಂದಿಗೂ ಡಿಟಿಪಿ ಕೇಂದ್ರಗಳಲ್ಲಿ, ಪಂಚಾಯಿತಿ ಕಚೇರಿಗಳಲ್ಲಿ ರಾಶಿಯಾಗಿವೆ. ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ ಕಡತ ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮಾತ್ರ. ಇದ್ದಲ್ಲೇ ಅಪ್‌ಗ್ರೇಡ್ ಮಾಡಿದಾಗ ಫಾಂಟ್‌ಗಳು ಉಳಿದುಕೊಳ್ಳುತ್ತವೆ. ಫಾರ್ಮ್ಯಾಟ್ ಮಾಡಿದಾಗ ಹೋಗುತ್ತವೆ. ಹೀಗಾಗಿ ಹೊಸದಾಗಿ ಹಾಕುವವರು ಫಾಂಟ್ಸ್ ಫೋಲ್ಡರ್‌ನ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳುವುದು ಕಡತಗಳ ಬ್ಯಾಕಪ್‌ನಷ್ಟೇ ಮುಖ್ಯ. ಎಕ್ಸ್‌ಪಿ ಕಾಲದಿಂದ ವಿಂಡೋಸ್‌ನ ಜೊತೆಗೇ ಬರುತ್ತಿದ್ದ ತುಂಗ ಫಾಂಟ್ ಕೂಡ ವಿಂಡೋಸ್ 10ರಿಂದ ಈಚೆಗೆ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿದಿದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಆಯ್ದುಕೊಂಡರೆ ಅದು ಮರಳಿ ಬರುತ್ತದೆ. ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಹೇಗೂ ಯಂತ್ರದ ಕೆಲಸ ಹಿಡಿದಿರುವಾಗ ಆ ಪರಿವರ್ತನೆಯನ್ನೂ ಮುಗಿಸಿಕೊಂಡರೆ ಮುಂದಿನ ಬಾರಿ ಈ ಚಿಂತೆಯೇ ಇರುವುದಿಲ್ಲ.

ವಿಂಡೋಸ್ 11 ನಿಜಕ್ಕೂ ಹಿಡಿಸದ ಯಂತ್ರಗಳನ್ನು ಏನು ಮಾಡಬೇಕು? ಏಳನೆಯ ತಲೆಮಾರಿನ ಅಥವಾ ಅದಕ್ಕಿಂತ ಹಿಂದಿನ ಪ್ರೊಸೆಸರ್ ಇರುವ ಇಂಥ ಯಂತ್ರಗಳು ನಮ್ಮ ಶಾಲೆಗಳಲ್ಲಿ ಸಾಕಷ್ಟಿವೆ. ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರ್‌ಗಳು ಈ ಬದಲಾವಣೆಯಿಂದ ತ್ಯಾಜ್ಯವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಆ ರಾಶಿಗೆ ನಮ್ಮ ಶಾಲೆಗಳ ಕಂಪ್ಯೂಟರ್‌ಗಳನ್ನೂ ಸೇರಿಸಬೇಕಾದ ಯಾವ ಅನಿವಾರ್ಯತೆಯೂ ಇಲ್ಲ, ಏಕೆಂದರೆ ಈ ಯಂತ್ರಗಳಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಸರಾಗವಾಗಿ ನಡೆಯುತ್ತದೆ. ಅದರ ಒಂದು ರೂಪವಾದ ಲಿನಕ್ಸ್ ಮಿಂಟ್‌ಗೆ ಎರಡು ಜಿಬಿ ರ‍್ಯಾಮ್ ಸಾಕು, ನಾಲ್ಕು ಇದ್ದರೆ ಇನ್ನೂ ಆರಾಮ. ಅದರ ಮೆನು, ಕೆಳಗಿನ ಪಟ್ಟಿ, ಕಡತಗಳ ಕಿಟಕಿ ಎಲ್ಲವೂ ವಿಂಡೋಸ್ ಬಳಸಿದವರಿಗೆ ಪರಿಚಿತವಾಗಿಯೇ ಕಾಣುತ್ತವೆ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಹಾರ್ಡ್ ಡಿಸ್ಕ್‌ನ ಒಂದಕ್ಷರವನ್ನೂ ಮುಟ್ಟದೆ, ವೈಫೈ, ಪ್ರಿಂಟರ್, ಧ್ವನಿ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬಹುದು. ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್, ನೋಟೋ ಫಾಂಟ್‌ಗಳಿವೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ಬೆರಳಿಗೆ ರೂಢಿಯಾಗಿರುವ ಅದೇ ಕೀಲಿಮಣೆ ಕೂಡ ಅಲ್ಲಿ ಲಭ್ಯ.

ಆವೃತ್ತಿಯಿಂದ ಆವೃತ್ತಿಗೆ ಏರುವ ಸುಲಭತೆಯ ವಿಷಯದಲ್ಲಿ ಲಿನಕ್ಸ್ ಬಹಳ ಮುಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅದಕ್ಕೆ ಉಚಿತ ಬೆಂಬಲವಿರುತ್ತದೆ. ಹೊಸದು ಸಿದ್ಧವಾದಾಗ ಪರದೆಯ ಮೇಲೆ ಸೂಚನೆ ಬರುತ್ತದೆ, ಒಪ್ಪಿಗೆ ಕೊಟ್ಟರೆ ಯಂತ್ರ ತಾನಾಗಿಯೇ ಮುಂದುವರಿಯುತ್ತದೆ. ಮತ್ತೊಂದು ರೂಪವಾದ ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಮೂಲಗಳ ಪಟ್ಟಿಯಲ್ಲಿ ಹಳೆಯ ಆವೃತ್ತಿಯ ಹೆಸರನ್ನು ತೆಗೆದು ಹೊಸದನ್ನು ಬರೆದು ಒಂದೆರಡು ಆದೇಶಗಳನ್ನು ಕೊಟ್ಟರೆ ಸಾಕು. 2025ರ ಆಗಸ್ಟ್‌ನಲ್ಲಿ ಟ್ರಿಕ್ಸಿ ಎಂಬ 13ನೆಯ ಆವೃತ್ತಿ ಬಂದಾಗಲೂ ಬುಕ್‌ವರ್ಮ್ ಎಂಬ 12ನೆಯ ಆವೃತ್ತಿ ಇದ್ದವರು ಹೀಗೆಯೇ ಮೇಲೇರಿದರು. ಆಪರೇಟಿಂಗ್ ಸಿಸ್ಟಂ, ಲಿಬ್ರೆಆಫೀಸ್, ಬ್ರೌಸರ್ ಎಲ್ಲವೂ ಒಂದೇ ಮೂಲದಿಂದ ಬರುವುದರಿಂದ ಅಷ್ಟೂ ಒಟ್ಟಿಗೆ ಹೊಸದಾಗುತ್ತವೆ, ಒಂದಕ್ಕೊಂದು ಹೊಂದುವಂತೆ ಮೊದಲೇ ಪರೀಕ್ಷೆಗೊಂಡಿರುತ್ತವೆ. ನಡುವಿನ ಆವೃತ್ತಿಯನ್ನು ಹಾರಿಸಿ ಒಮ್ಮೆಗೇ ಜಿಗಿಯಬಾರದು ಎಂಬ ನಿಯಮವನ್ನು ಮಾತ್ರ ಪಾಲಿಸಬೇಕು.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ನೋಡಿಕೊಳ್ಳುವ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿದ ತನ್ನದೇ ವ್ಯವಸ್ಥೆಯನ್ನು ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತಿದೆ, ಶಿಕ್ಷಕರಿಗೆ ಅದರಲ್ಲೇ ತರಬೇತಿ ನೀಡುತ್ತಿದೆ, ಮಕ್ಕಳ ಪಾಠಗಳೂ ಅದರಲ್ಲೇ ನಡೆಯುತ್ತವೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ ರೂಪಿಸಿದ ಬಾಸ್ ಲಿನಕ್ಸ್ ಕೂಡ ಹಲವು ವರ್ಷಗಳಿಂದ ಇದೆ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಬೇಕಾದ ಯಂತ್ರಗಳನ್ನೂ, ಡಿಜಿಟಲ್ ಸಹಿಯ ಟೋಕನ್‌ಗೆ ವಿಂಡೋಸ್‌ನ ತಂತ್ರಾಂಶವನ್ನೇ ನೆಚ್ಚಿಕೊಂಡ ಯಂತ್ರಗಳನ್ನೂ ವಿಂಡೋಸ್‌ನಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಮಕ್ಕಳು ಬೆರಳಚ್ಚು ಕಲಿಯುವ, ಚಿತ್ರ ಬರೆಯುವ, ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ನೋಡುವ ಯಂತ್ರಗಳಿಗೆ ಆ ನಿರ್ಬಂಧವಿಲ್ಲ.

ಇಷ್ಟೆಲ್ಲ ಸುಲಭವಾಗಿರುವಾಗ ಕೆಲಸ ಏಕೆ ಆಗುತ್ತಿಲ್ಲ ಎಂದರೆ, ಗೊತ್ತಿರುವವರು ಜನರ ಭಾಷೆಯಲ್ಲಿ ಹೇಳುತ್ತಿಲ್ಲ, ಜನರು ಕೇಳಬೇಕಾದ ಜಾಗ ಯಾವುದೆಂದೂ ತಿಳಿಯುತ್ತಿಲ್ಲ. ಶಾಲಾ ಶಿಕ್ಷಣ ಇಲಾಖೆಯು ಈ ವಿಷಯದಲ್ಲಿ ಕನ್ನಡದಲ್ಲೇ ಚಿತ್ರಸಹಿತವಾದ ಸಣ್ಣ ಕೈಪಿಡಿಯೊಂದನ್ನು ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಯಾವುದೇ ಶಾಲೆಯ ಕಂಪ್ಯೂಟರ್ ಅನ್ನು ನಿರುಪಯುಕ್ತವೆಂದು ಘೋಷಿಸುವ ಮುನ್ನ ಪ್ರೊಸೆಸರ್‌ನ ತಲೆಮಾರು, ಬಯಾಸ್‌ನಲ್ಲಿ ಟಿಪಿಎಂ ಸ್ಥಿತಿ, ಲಿನಕ್ಸ್‌ನಲ್ಲಿ ಪರೀಕ್ಷಿಸಿದ ಫಲಿತಾಂಶ ಈ ಮೂರನ್ನೂ ದಾಖಲಿಸಿದ ಪ್ರಮಾಣಪತ್ರವನ್ನು ಕಡ್ಡಾಯ ಮಾಡಬೇಕು; ಪರೀಕ್ಷೆ ಮಾಡಿದವರೇ ಹೊಸ ಯಂತ್ರದ ಮಾರಾಟಗಾರರೂ ಆಗಿರಬಾರದು. ಪ್ರತಿ ತಾಲ್ಲೂಕಿನ ಪಾಲಿಟೆಕ್ನಿಕ್ ಅಥವಾ ಪದವಿ ಕಾಲೇಜಿನ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಬೇಸಿಗೆ ರಜೆಯಲ್ಲಿ ಒಪ್ಪಿಸಬಹುದು. ಆಗ ಶಾಲೆಗಳೂ ಖಾಲಿ ಇರುತ್ತವೆ. ಹಗಲು ವಿದ್ಯುತ್ ಕೈಕೊಡುವ ಊರುಗಳಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಳ ಅಪ್‌ಗ್ರೇಡ್‌ಗೆ ಇನ್ವರ್ಟರ್ ಅಥವಾ ಜನರೇಟರ್ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು, ಏಕೆಂದರೆ ಅರ್ಧದಲ್ಲಿ ಕರೆಂಟ್ ಹೋದರೆ ಯಂತ್ರ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ಮರಳುತ್ತದಾದರೂ ಅದನ್ನೇ ನಂಬಿ ಕೂರುವಂತಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ